ದೂರದವರ ದನಿ ತಲುಪುತ್ತಾ? ವಸಯಿಯಿಂದ ನಾಗಸಾಕಿವರೆಗೆ ಒಂದು ಕಥೆ

ಇವತ್ತಿನ ಮಾತು ಶುರುವಾಗೋದು ನನ್ನದೇ ಒಂದು ದಡ್ಡ ಪ್ರಶ್ನೆಯಿಂದ.

ನಾನಿರೋದು ವಸಯಿಯಲ್ಲಿ. ಬೆಳಿಗ್ಗೆ ಲೋಕಲ್‌ನಲ್ಲಿ ನುಗ್ಗಿ ಅಂಧೇರಿಯ ಆಫೀಸಿಗೆ ಹೋಗೋ ಲಕ್ಷಾಂತರ ಜನರಲ್ಲಿ ಒಬ್ಬ. ನಮ್ಮ ಬಿಲ್ಡಿಂಗಿನಲ್ಲಿ ಮಂಗಳೂರು ಕಡೆಯ ಒಬ್ಬ ಹಿರಿಯರಿದ್ದಾರೆ, ಕ್ರೈಸ್ತರು. ಒಂದು ಭಾನುವಾರ ಚರ್ಚಿನಿಂದ ಬಂದವರು ಲಿಫ್ಟ್ ಹತ್ತಿರ ಸಿಕ್ಕರು. ಬೇರೆ ದೇಶಗಳಲ್ಲಿ ನಂಬಿಕೆಯ ಕಾರಣಕ್ಕೆ ಜೈಲಿನಲ್ಲಿರೋ, ಊರು ಬಿಟ್ಟು ಓಡಿದ ಕ್ರೈಸ್ತರಿಗಾಗಿ ಪ್ರಾರ್ಥನೆ ಮಾಡಿ ಬಂದೆ, ಒಂದು ಅರ್ಜಿಗೂ ಸಹಿ ಹಾಕಿದೆ ಅಂದರು. ನಾನು ನಕ್ಕು ಕೇಳಿದೆ: "ಅಂಕಲ್, ನೀವು ವಸಯಿಯಲ್ಲಿ ಕೂತು ಸಹಿ ಹಾಕಿದ್ರೆ ಅಲ್ಲಿನ ಸರ್ಕಾರ ಹೆದರುತ್ತಾ?" ಅವರು ಕೋಪ ಮಾಡ್ಕೊಳ್ಳಲಿಲ್ಲ. "ಗೊನ್ಸಾಲೊ ಗಾರ್ಸಿಯಾ ಯಾರು ಅಂತ ಗೊತ್ತಾ? ಇದೇ ಊರಿನವನು. ಓದು" ಅಂದು ಹೊರಟರು.

ಆ ಹೆಸರು ನೋಡಿದ್ದೆ. ವಸಯಿಯಲ್ಲಿ ಆ ಹೆಸರಿನ ಕಾಲೇಜಿದೆ. ಮನುಷ್ಯ ಯಾರು ಅಂತ ಮಾತ್ರ ತಿಳಿದಿರಲಿಲ್ಲ. ಓದಿದೆ. ಓದು ನನ್ನನ್ನು ಜಪಾನಿನವರೆಗೆ ಕರ್ಕೊಂಡು ಹೋಯ್ತು.

1534ರಲ್ಲಿ ವಸಯಿ ಪೋರ್ಚುಗೀಸರ ಕೈಗೆ ಬಂತು. ಸುಮಾರು 1557ರಲ್ಲಿ ಇಲ್ಲಿ ಗೊನ್ಸಾಲೊ ಹುಟ್ಟಿದ. ಅಪ್ಪ ಪೋರ್ಚುಗೀಸ್ ಸಿಪಾಯಿ, ಅಮ್ಮ ಇಲ್ಲಿನ ಹೆಣ್ಣುಮಗಳು. ಹುಡುಗನಾಗಿದ್ದಾಗಲೇ ಪಾದ್ರಿಗಳ ಜೊತೆ ಜಪಾನಿಗೆ ಹೋದ, ಭಾಷೆ ಕಲಿತ, ವ್ಯಾಪಾರ ಮಾಡಿದ. ಆಮೇಲೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಪಂಥಕ್ಕೆ ಸೇರಿ, 1593ರಲ್ಲಿ ಆ ಪಂಥದವರ ದುಭಾಷಿಯಾಗಿ ಮತ್ತೆ ಜಪಾನಿಗೆ ಬಂದ.

ಜಪಾನಿಗೆ ಕ್ರೈಸ್ತ ಧರ್ಮ ಬಂದದ್ದು 1549ರಲ್ಲಿ, ಫ್ರಾನ್ಸಿಸ್ ಝೇವಿಯರ್ ಮೂಲಕ. ಹೌದು, ಹಳೆ ಗೋವಾದಲ್ಲಿ ದೇಹ ಇಟ್ಟಿದ್ದಾರಲ್ಲ, ಅದೇ ಝೇವಿಯರ್. ಮೊದಮೊದಲು ಅಲ್ಲಿನ ದೊರೆಗಳು ಸ್ವಾಗತಿಸಿದರು. ಆಮೇಲೆ ಅನುಮಾನ ಹುಟ್ಟಿತು: ಪಾದ್ರಿ ಬಂದ ಮೇಲೆ ಹಿಂದಿನಿಂದ ಸೈನ್ಯ ಬರುತ್ತಾ? 1587ರಲ್ಲಿ ಹಿಡೆಯೋಶಿ ಪಾದ್ರಿಗಳು ದೇಶ ಬಿಡಬೇಕು ಅಂತ ಆಜ್ಞೆ ಹೊರಡಿಸಿದ. 1596ರಲ್ಲಿ ಒಂದು ಸ್ಪ್ಯಾನಿಶ್ ಹಡಗು ಜಪಾನಿನ ತೀರದಲ್ಲಿ ಒಡೆದಾಗ ಅನುಮಾನ ಇನ್ನೂ ಗಟ್ಟಿಯಾಯ್ತು.

ಪೆಟ್ಟು ಬಿದ್ದದ್ದು 26 ಜನರ ಮೇಲೆ. 20 ಜನ ಜಪಾನೀಯರು, ನಾಲ್ವರು ಸ್ಪೇನಿನವರು, ಒಬ್ಬ ಮೆಕ್ಸಿಕೊದವನು, ಒಬ್ಬ ನಮ್ಮ ವಸಯಿಯವನು. ಜಪಾನಿ ಹುಡುಗರಲ್ಲಿ ಒಬ್ಬನಿಗೆ 12 ವರ್ಷ. ಅವರ ಕಿವಿಯ ತುದಿ ಕತ್ತರಿಸಿ, ಚಳಿಗಾಲದಲ್ಲಿ ಕ್ಯೋಟೊದಿಂದ ನಾಗಸಾಕಿವರೆಗೆ ಸುಮಾರು ಒಂದು ತಿಂಗಳು ಸಾಗಿಸಿದರು. ಬೆಂಗಳೂರಿಂದ ಪುಣೆಗೆ ನಡೆಸಿದ ಹಾಗೆ ಅಂದ್ಕೊಳ್ಳಿ. 1597ರ ಫೆಬ್ರವರಿ 5ರಂದು ನಿಶಿಜಾಕಾ ಗುಡ್ಡದ ಮೇಲೆ ಎಲ್ಲರನ್ನೂ ಶಿಲುಬೆಗೇರಿಸಿ ಈಟಿಯಿಂದ ತಿವಿದು ಕೊಂದರು.

1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ. ಪ್ರತಿ ಮನೆಯೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕು. ನಾಗಸಾಕಿ ಕಡೆ ಇನ್ನೊಂದು ಪರೀಕ್ಷೆ: ಏಸು ಅಥವಾ ಮೇರಿಯ ಚಿತ್ರವನ್ನು ನೆಲದ ಮೇಲಿಟ್ಟು ಒಬ್ಬೊಬ್ಬರಿಂದ ತುಳಿಸೋದು. ಅದಕ್ಕೆ ಫುಮಿ-ಎ ಅಂತ ಹೆಸರು. ಸಾವಿರಾರು ಜನ ಸತ್ತರು, ಬಹಳ ಜನ ಧರ್ಮ ಬಿಟ್ಟರು. ಉಳಿದ ಕೆಲವರು ಹಗಲು ಬೌದ್ಧರಾಗಿ, ಒಳಗೆ ಕ್ರೈಸ್ತರಾಗಿ ಬದುಕಿದರು. ಕನ್ನೋನ್ ಅನ್ನೋ ಬೌದ್ಧ ದೇವತೆಯ ಮೂರ್ತಿಯೇ ಅವರ ಮೇರಿ. ಪ್ರಾರ್ಥನೆಗೆ ಅವರ ಹೆಸರು ಒರಾಶೊ, ಲ್ಯಾಟಿನ್ ಪದದಿಂದ ಬಂದದ್ದು. ಅದನ್ನು ಬಾಯಿಂದ ಬಾಯಿಗೆ ಕಲಿಸಿದರು. ಪಾದ್ರಿ ಇಲ್ಲ, ಚರ್ಚ್ ಇಲ್ಲ. ಹೀಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ.

ಇಲ್ಲಿ ಒಂದು ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಬಂದೇ ಬಂದಿರುತ್ತೆ. "ಅದೇ ಕಾಲದಲ್ಲಿ ಪೋರ್ಚುಗೀಸರು ಗೋವಾದಲ್ಲಿ ಏನು ಮಾಡ್ತಿದ್ರು?" ನ್ಯಾಯವಾದ ಪ್ರಶ್ನೆ. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಶುರುವಾಯ್ತು. ದೇವಸ್ಥಾನಗಳು ಉರುಳಿದವು. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆತನಗಳು ದೇವರನ್ನು ಹೊತ್ತುಕೊಂಡು ಓಡಿ ಬಂದದ್ದು ಆ ಕಾಲದ ನೆನಪು. ಜಪಾನಿನ ದೊರೆಗಳ ಭಯ ಪೂರ್ತಿ ಕಲ್ಪನೆ ಅಲ್ಲ. ಆದರೆ ನಾಗಸಾಕಿ ಪಕ್ಕದ ಹಳ್ಳಿಯಲ್ಲಿ ಗೆಣಸು ಬೆಳೆದು ಬದುಕೋ ರೈತ ಗೋವಾದಲ್ಲಿ ಏನೂ ಮಾಡಿರಲಿಲ್ಲ. ಸಾಮ್ರಾಜ್ಯದ ತಪ್ಪಿಗೆ ಬಡವನ ಕಾಲ ಕೆಳಗೆ ಅವನ ದೇವರನ್ನಿಟ್ಟು ತುಳಿ ಅನ್ನೋದು ಯಾವ ಲೆಕ್ಕದ ನ್ಯಾಯ?

ಸರಿ, ಈಗ ಹೊರಗಿನವರ ಪಾತ್ರಕ್ಕೆ ಬರೋಣ. ಜಪಾನಿನ ಬಾಗಿಲು ಮುಚ್ಚಿದ್ದರೂ ಯುರೋಪಿನಲ್ಲಿ ಆ 26 ಜನರ ನೆನಪು ಸಾಯಲಿಲ್ಲ. 1862ರಲ್ಲಿ ರೋಮ್ ಅವರನ್ನು ಸಂತರೆಂದು ಘೋಷಿಸಿತು. ವಸಯಿಯ ಗೊನ್ಸಾಲೊ ಭಾರತದಲ್ಲಿ ಹುಟ್ಟಿದ ಮೊದಲ ಸಂತನಾದ. ಅಷ್ಟರಲ್ಲಿ ಒಪ್ಪಂದಗಳಿಂದ ಜಪಾನಿನ ಬಂದರುಗಳು ತೆರೆದಿದ್ದವು. ವಿದೇಶಿಯರು ತಮ್ಮ ಬಡಾವಣೆಯೊಳಗೆ ಚರ್ಚ್ ಕಟ್ಟಬಹುದಿತ್ತು. ಫ್ರೆಂಚ್ ಪಾದ್ರಿಗಳು ನಾಗಸಾಕಿಯ ಓಉರಾದಲ್ಲಿ ಆ 26 ಜನರ ಹೆಸರಲ್ಲೇ ಒಂದು ಚರ್ಚ್ ಕಟ್ಟಿದರು.

1865ರ ಮಾರ್ಚ್ 17. ಉರಾಕಾಮಿ ಹಳ್ಳಿಯ ಹತ್ತು ಹದಿನೈದು ಜನ ಆ ಚರ್ಚಿನ ಬಾಗಿಲಿಗೆ ಬಂದರು. ನೋಡೋಕೆ ಬಂದ ಕುತೂಹಲಿಗಳು ಅಂದುಕೊಂಡ ಪಾದ್ರಿ ಪೆಟಿಜಾನ್ ಒಳಗೆ ಬಿಟ್ಟರು. ಅವರು ಪ್ರಾರ್ಥನೆಗೆ ಕೂತಾಗ ಒಬ್ಬ ಹೆಂಗಸು ಹತ್ತಿರ ಬಂದು ಮೆಲ್ಲಗೆ, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಅನ್ನೋ ಅರ್ಥದ ಮಾತು ಹೇಳಿದಳು. ಮೇರಿಯ ಮೂರ್ತಿ ಎಲ್ಲಿ ಅಂತ ಕೇಳಿದಳು. ಆ ಪಾದ್ರಿಗೆ ಏನಾಗಿರಬಹುದು ಯೋಚಿಸಿ!

ಆದರೆ ಕಥೆ ಅಲ್ಲಿಗೆ ಸುಖಾಂತ್ಯ ಆಗಲಿಲ್ಲ. ಗುಟ್ಟು ಬಿಟ್ಟ ಹಳ್ಳಿಗರು ಬೌದ್ಧ ಅಂತ್ಯಕ್ರಿಯೆ ಬೇಡ ಅಂದರು. 1867ರಲ್ಲಿ ಬಂಧನ ಶುರು. ಮರುವರ್ಷ ಬಂದ ಹೊಸ ಮೇಜಿ ಸರ್ಕಾರ ನಿಷೇಧದ ಹಲಗೆಗಳನ್ನು ಮತ್ತೆ ನೆಟ್ಟಿತು. 1868 ಮತ್ತು 1870ರಲ್ಲಿ ಸುಮಾರು 3,400 ಜನರನ್ನು, ಮಕ್ಕಳು ಮುದುಕರು ಸಮೇತ, ಜಪಾನಿನ ಹಲವು ಸಂಸ್ಥಾನಗಳಿಗೆ ಗಡಿಪಾರು ಮಾಡಿತು. ತ್ಸುವಾನೊ ಅನ್ನೋ ಊರಲ್ಲಿ ಮೂರಡಿ ಪಂಜರದೊಳಗೆ ಮಡಚಿ ಕೂರಿಸಿದರು, ಹೆಪ್ಪುಗಟ್ಟಿದ ಕೊಳದಲ್ಲಿ ಮುಳುಗಿಸಿದರು. ಹಳ್ಳಿಗರು ಆ ವರ್ಷಗಳಿಗೆ ಇಟ್ಟ ಹೆಸರು "ತಾಬಿ". ಅಂದ್ರೆ ಪ್ರಯಾಣ, ಅಷ್ಟೇ.

ನಾಗಸಾಕಿಯಲ್ಲಿದ್ದ ಪಾದ್ರಿಗಳು ಮತ್ತು ವಿದೇಶಿ ಪ್ರತಿನಿಧಿಗಳು ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಬ್ರಿಟನ್, ಫ್ರಾನ್ಸ್, ಅಮೆರಿಕದ ರಾಯಭಾರಿಗಳು ಪ್ರತಿಭಟಿಸಿದರು. ಇದು ನಮ್ಮ ಒಳವಿಚಾರ ಅಂತ ಜಪಾನ್ ಉತ್ತರಿಸಿತು. 1871ರ ಕೊನೆಗೆ ಇವಾಕುರಾ ನೇತೃತ್ವದ ದೊಡ್ಡ ನಿಯೋಗ ಅಮೆರಿಕ, ಯುರೋಪಿಗೆ ಹೊರಟಿತು. ಅಸಮಾನ ಒಪ್ಪಂದಗಳನ್ನು ತಿದ್ದಿಸಬೇಕು ಅನ್ನೋದು ಅವರ ಆಸೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಾಂಟ್ರ್ಯಾಕ್ಟ್ ರಿವೈಸ್ ಮಾಡಿಸೋಕೆ ಕ್ಲೈಂಟ್ ಹತ್ತಿರ ಹೋದ ಹಾಗೆ. ಅಲ್ಲಿ ಅವರಿಗೆ ಎದುರಾದದ್ದು, ಉರಾಕಾಮಿಯ ಜನರನ್ನು ಯಾಕೆ ಹಿಡಿದಿಟ್ಟಿದ್ದೀರಿ ಅನ್ನೋ ಪ್ರಶ್ನೆ.

ಪಾಶ್ಚಾತ್ಯ ಸರ್ಕಾರಗಳೇನೂ ಸಂತರಲ್ಲ, ಅವರಿಗೆ ವ್ಯಾಪಾರವೂ ಬೇಕಿತ್ತು. ಆದರೆ ಒಳಗಿನಿಂದಲೂ ದನಿ ಎದ್ದಿತು. ಜಪಾನಿ ರಾಜತಾಂತ್ರಿಕ ಮೋರಿ ಅರಿನೋರಿ 1872ರಲ್ಲಿ ವಾಷಿಂಗ್ಟನ್‌ನಲ್ಲಿ ಕೂತು ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ಬರೆದ. ಅದೇ ವರ್ಷ ಯುರೋಪಿನಲ್ಲಿದ್ದ ಬೌದ್ಧ ಭಿಕ್ಷು ಶಿಮಾಜಿ ಮೊಕುರಾಯ್, ಸರ್ಕಾರ ಜನರ ನಂಬಿಕೆಯೊಳಗೆ ಕೈ ಹಾಕಬಾರದು ಅಂತ ವಾದಿಸಿದ. ಅವನೇನೂ ಕ್ರೈಸ್ತರ ಗೆಳೆಯನಲ್ಲ. ಆ ವರ್ಷಗಳಲ್ಲಿ ಬೌದ್ಧ ಮಂದಿರಗಳ ಮೇಲೂ ದಾಳಿಗಳಾಗಿದ್ದವು. ಇವತ್ತು ಅವರ ಮನೆ ಬಾಗಿಲು, ನಾಳೆ ನಮ್ಮದು ಅನ್ನೋದು ಅವನಿಗೆ ಅರ್ಥವಾಗಿತ್ತು.

1873ರ ಫೆಬ್ರವರಿ 24ರಂದು ಹಲಗೆಗಳನ್ನು ತೆಗೆಯೋ ಆಜ್ಞೆ ಬಂತು. ಸರ್ಕಾರ ಕ್ಷಮೆ ಕೇಳಲಿಲ್ಲ. ಅದರಲ್ಲಿ ಬರೆದದ್ದು ಜನರಿಗೆ ಈಗಾಗಲೇ ಗೊತ್ತಿದೆ, ಹಲಗೆ ಬೇಕಿಲ್ಲ ಅನ್ನೋ ಕಾರಣ ಕೊಟ್ಟಿತು! ಇರಲಿ. ಗಡಿಪಾರಾದವರು ಮನೆಗೆ ನಡೆದರು. 600ಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ. ಬಂದವರು ಬಡತನದಲ್ಲೂ ಹಣ ಕೂಡಿಸಿ, ಹಿಂದೆ ತಮ್ಮವರಿಂದ ಚಿತ್ರ ತುಳಿಸುತ್ತಿದ್ದ ಮುಖಂಡನ ಮನೆ ಜಾಗವನ್ನೇ ಕೊಂಡು ಚರ್ಚ್ ಕಟ್ಟಿದರು. 1945ರ ಆಗಸ್ಟ್ 9ರಂದು ಅಣುಬಾಂಬ್ ಸಿಡಿದದ್ದು ಅದರಿಂದ ಸುಮಾರು 500 ಮೀಟರ್ ದೂರದಲ್ಲಿ. ಮತ್ತೆ ಕಟ್ಟಿದರು, 1959ರಲ್ಲಿ.

ನನ್ನ ಪ್ರಶ್ನೆಗೆ ವಾಪಸ್ ಬರ್ತೀನಿ. ಹೊರಗಿನ ದನಿಗೆ ಜಪಾನ್ ಸರ್ಕಾರ ಹೆದರಿತಾ? ಇಲ್ಲ. ಆದರೆ ಆ ಜನರನ್ನು ಕೂಡಿಹಾಕೋದು ಅದಕ್ಕೆ ದುಬಾರಿಯಾಯ್ತು. ಯಾರೂ ಕೇಳದೇ ಇದ್ದಿದ್ದರೆ ಪುಕ್ಕಟೆ ಆಗಿರುತ್ತಿತ್ತು.

ಇದು ಹಳೆ ಕಾಲಕ್ಕೆ ಮುಗಿದ ಮಾತಲ್ಲ. ಪಾಕಿಸ್ತಾನದ ಆಸಿಯಾ ಬೀಬಿ ನೆನಪಿದ್ದಾರಾ? ಕ್ರೈಸ್ತ ಕೂಲಿ ಹೆಂಗಸು. 2010ರಲ್ಲಿ ಧರ್ಮನಿಂದನೆ ಆರೋಪದಲ್ಲಿ ಮರಣದಂಡನೆ ಆಯ್ತು. ಅವರ ಪರ ಮಾತಾಡಿದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್, ಒಬ್ಬ ಮುಸ್ಲಿಂ, 2011ರ ಜನವರಿಯಲ್ಲಿ ಕೊಲೆಯಾದರು. ಮಾರ್ಚ್‌ನಲ್ಲಿ ಕ್ರೈಸ್ತ ಸಚಿವ ಶಹಬಾಜ್ ಭಟ್ಟಿ. ದೇಶದ ಒಳಗೂ ಹೊರಗೂ ಜನ ಕೇಳ್ತಾನೇ ಇದ್ದರು, ಪ್ರಾರ್ಥಿಸ್ತಾನೇ ಇದ್ದರು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಆಕೆಯನ್ನು ಖುಲಾಸೆ ಮಾಡಿತು. ಅಲ್ಲಿ ವಾದ ಮಾಡಿ ಗೆಲ್ಲಿಸಿದ ವಕೀಲರೂ ಮುಸ್ಲಿಮರೇ.

ಪ್ರಾರ್ಥನೆ ಮೇಲೆ ಏನಾದ್ರೂ ಬದಲಿಸುತ್ತಾ ಅಂತ ಹೇಳೋ ಅಧಿಕಾರ ನನಗಿಲ್ಲ, ನಾನು ಚರ್ಚಿಗೆ ಹೋಗೋನೂ ಅಲ್ಲ. ಕೆಳಗೆ ಮಾತ್ರ ಒಂದು ಕೆಲಸ ಮಾಡುತ್ತೆ: ಕಾಣದವರನ್ನು ಮರೆಯದಂತೆ ನೋಡಿಕೊಳ್ಳುತ್ತೆ. ಮರೆತಿದ್ದರೆ ಓಉರಾದ ಚರ್ಚ್ ಆ 26 ಜನರ ಹೆಸರಲ್ಲಿ ಏಳುತ್ತಿರಲಿಲ್ಲ.

ಕಳೆದ ವಾರ ಆ ಹಿರಿಯರು ಸಿಕ್ಕಾಗ ಓದಿದೆ ಅಂದೆ, ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ. "ಸಹಿಯ ಹಾಳೆ ಇನ್ನೂ ಇದೆ, ಬೇಕಾ?" ಅಂದರು. ಪೆನ್ ನನ್ನ ಜೇಬಲ್ಲೇ ಇತ್ತು.