ಕಳಲೆ ಸೀಮೆ: ಬೆಳೆದವರು ಮತ್ತು ಆಳಿದವರು

ಮೈಸೂರಿನ ಇತಿಹಾಸ ಓದಿದವರಿಗೆ ಕಳಲೆ ಎಂಬ ಹೆಸರು ಹೊಸದಲ್ಲ. ದಳವಾಯಿ ದೇವರಾಜಯ್ಯ ಮತ್ತು ಕರಾಚೂರಿ ನಂಜರಾಜಯ್ಯನವರ ಮನೆತನದ ಊರು ಅದು. 18ನೇ ಶತಮಾನದ ನಡುವಿನ ಸುಮಾರು ಕಾಲು ಶತಮಾನ ಮೈಸೂರಿನ ಸಿಂಹಾಸನದ ಮೇಲೆ ಒಡೆಯರು ಕುಳಿತಿದ್ದರೂ ರಾಜ್ಯ ನಡೆಸಿದವರು ಕಳಲೆಯವರು. ಹೈದರಲಿ ಎಂಬ ಸೈನಿಕನನ್ನು ಗುರುತಿಸಿ ಮೇಲಕ್ಕೆ ತಂದವರೂ ಅವರೇ, ಕೊನೆಗೆ ಅದೇ ಹೈದರನ ಮುಂದೆ ಅಧಿಕಾರ ಕಳೆದುಕೊಂಡವರೂ ಅವರೇ.

ಆದರೆ ಈ ಇತಿಹಾಸದಲ್ಲಿ ಕಳಲೆ ಎಂಬುದು ಒಂದು ಮನೆತನದ ಹೆಸರಾಗಿ ಮಾತ್ರ ಉಳಿದುಬಿಟ್ಟಿದೆ. ಆ ಊರಿನ ಹೊಲಗದ್ದೆಗಳಾಗಲೀ ಅಲ್ಲಿ ದುಡಿದ ಜನರಾಗಲೀ ನಮ್ಮ ಕಣ್ಣಿಗೆ ಬೀಳುವುದಿಲ್ಲ. ದಂಡು ಕಟ್ಟಲು ಹಣ ಬೇಕು. ಆ ಹಣ ಹುಟ್ಟುತ್ತಿದ್ದುದು ರೈತನ ಕಣದಲ್ಲಿ. ಆಳಿದವರು ಆ ಕಣದಿಂದ ಏನನ್ನು ಒಯ್ದರು, ಪ್ರತಿಯಾಗಿ ಆ ನೆಲಕ್ಕೆ ಏನನ್ನು ಕೊಟ್ಟರು? ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಳಲೆ ಸೀಮೆಯ ಚರಿತ್ರೆಯನ್ನು ನೋಡಿದರೆ, ಇಂದು ನಾವು ಅರಸರ ಜಾತಿ ಮತಗಳನ್ನು ಹಿಡಿದು ಮಾಡುತ್ತಿರುವ ಜಗಳಗಳಿಗಿಂತ ಬೇರೆಯದೇ ಆದ ಒಂದು ಚಿತ್ರ ಕಾಣುತ್ತದೆ.

ನೀರು ಮತ್ತು ಮಣ್ಣು

ನಂಜನಗೂಡಿನಿಂದ ಐದಾರು ಕಿಲೋಮೀಟರ್ ದೂರದಲ್ಲಿರುವ ಕಳಲೆ ಕಪಿಲಾ ನದಿಯ ಸೀಮೆಗೆ ಸೇರಿದ್ದು. ನಕಾಶೆಯಲ್ಲಿ ಕಬಿನಿ ಎಂದಿರುವ ಈ ನದಿಯನ್ನು ಇಲ್ಲಿಯ ಜನ ಕಪಿಲೆ ಎಂದೇ ಕರೆಯುತ್ತಾರೆ. ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಕಾಡುಗಳನ್ನು ದಾಟಿ, ನಂಜನಗೂಡನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಗುಂಡ್ಲುಪೇಟೆಯ ಕಡೆಯಿಂದ ಬರುವ ಗುಂಡ್ಲು ಹೊಳೆ ನಂಜನಗೂಡಿನ ಬಳಿ ಕಪಿಲೆಗೆ ಕೂಡುತ್ತದೆ.

ಈ ಸೀಮೆಯ ಬೇಸಾಯ ಅರ್ಥವಾಗಬೇಕಾದರೆ ಒಂದು ಸಂಗತಿಯನ್ನು ಗಮನಿಸಬೇಕು. ನದಿಗೆ ನೀರು ಬರುವುದು ವಯನಾಡಿನ ಮಳೆಯಿಂದ. ಇಲ್ಲಿಯ ಹೊಲಗಳು ನಂಬಿರುವುದು ಇಲ್ಲಿಯದೇ ಮಳೆಯನ್ನು. ಘಟ್ಟದ ಮಳೆನೆರಳಿನಲ್ಲಿರುವ ಈ ಬಯಲಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್ ಮಾತ್ರ. ಅದೂ ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ ಇನ್ನೊಮ್ಮೆ. ಜುಲೈ ತಿಂಗಳಲ್ಲಿ ಕಪಿಲೆ ದಡ ಮೀರಿ ಹರಿಯುತ್ತಿರುವಾಗಲೇ ಎರಡು ಮೈಲಿ ಆಚೆಯ ಹೊಲದ ಪೈರು ಬಾಡುತ್ತಿರುವುದು ಇಲ್ಲಿ ವಿಚಿತ್ರವೇನಲ್ಲ.

ಹೀಗಾಗಿ ಒಂದೇ ಊರಿನಲ್ಲಿ ಎರಡು ಬಗೆಯ ಬದುಕು ಬೆಳೆದು ಬಂತು. ನದಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಅಣೆಕಟ್ಟೆಗಳಿಂದ ಹೊರಟ ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳು ಮುಟ್ಟಿದ ಕಡೆ ಭತ್ತ, ಕಬ್ಬು, ಬಾಳೆ, ವೀಳ್ಯದೆಲೆ ಬೆಳೆದವು. ಕೆಳಗೆ ತಲಕಾಡಿನ ಬಳಿ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯೂ ಇದೇ ಪರಂಪರೆಯದು. ನಾಲೆ ಮುಟ್ಟದ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿ, ಅದರ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಎರೆ ಮಣ್ಣಿದ್ದ ಕಡೆ ಜೋಳ ಮತ್ತು ಹತ್ತಿ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಜನರ ಜೀವ ಹಿಡಿದದ್ದು ಈ ಹಗೇವುಗಳೇ.

ಭೂಮಿಯಂತೆ ಜನರಲ್ಲೂ ಮೇಲು ಕೀಳುಗಳಿದ್ದವು. ಲಿಂಗಾಯತರು, ಒಕ್ಕಲಿಗರು, ಕುರುಬರು, ನಾಯಕರು, ಉಪ್ಪಾರರು ಮುಂತಾದವರ ಈ ಸೀಮೆಯಲ್ಲಿ ಕೆರೆ ನೀರನ್ನು ಗದ್ದೆಗೆ ಹಂಚುವ ನೀರಗಂಟಿ, ಗಡಿ ಕಾಯುವ ತೋಟಿ, ತಳವಾರರಿಗೆ ಕಣದಲ್ಲಿಯೇ ಅವರ ಪಾಲಿನ ಕಾಳು ಸಲ್ಲುತ್ತಿತ್ತು. ಗದ್ದೆಯ ಕೆಸರಿನಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದ ದಲಿತರಿಗೆ ಮಾತ್ರ ಬಹುಪಾಲು ಸ್ವಂತ ಭೂಮಿಯೇ ಇರಲಿಲ್ಲ. ತಲೆಮಾರುಗಳ ಕಾಲ ಜೀತವೇ ಅವರ ಪಾಲಿಗೆ ಬಂತು. ಅರಸರು ಬದಲಾದಾಗಲೂ ಈ ಒಂದು ವಿಷಯ ಬದಲಾಗಲಿಲ್ಲ ಎಂಬುದನ್ನು ಮರೆಯಬಾರದು.

ಮರಕ್ಕೆ ತೂಗಿದ ನೇಗಿಲು

ಆಳುವವರ ಪಾಲು ಮಿತಿ ಮೀರಿದಾಗ ರೈತ ಸುಮ್ಮನಿರಲಿಲ್ಲ. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಹೊಸ ತೆರಿಗೆಗಳ ವಿರುದ್ಧ ಮೈಸೂರು ಸೀಮೆಯ ರೈತರು ಎದ್ದರು. 1810ರಲ್ಲಿ ಮೈಸೂರಿನ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಇದನ್ನು ವಿವರಿಸಿದ್ದಾನೆ. ಉಳುವುದಿಲ್ಲ ಎಂಬುದರ ಗುರುತಾಗಿ ರೈತರು ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರಂತೆ. ರೈತರಿಗೆ ಬೆಂಬಲವಾಗಿ ನಿಂತ ಜಂಗಮರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಲಾಯಿತು ಎಂದೂ ಅವನು ಬರೆದಿದ್ದಾನೆ. ನಂತರದ ಇತಿಹಾಸಕಾರರಲ್ಲಿ ಕೆಲವರು ಈ ಕೊಲೆಯ ವಿವರವನ್ನು ಒಪ್ಪುವುದಿಲ್ಲ. ಅದೇನೇ ಇರಲಿ, ತಲೆಕೆಳಗಾದ ಆ ನೇಗಿಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ರಾಜ್ಯದ ಬೇರು ಎಲ್ಲಿದೆ ಎಂಬುದು ರೈತನಿಗೆ ತಿಳಿದಿತ್ತು.

ಕಳಲೆಯ ದಳವಾಯಿಗಳು

ಕಳಲೆ ಮನೆತನಕ್ಕೂ ಮೈಸೂರು ಒಡೆಯರಿಗೂ 17ನೇ ಶತಮಾನದ ಆರಂಭದಲ್ಲಿಯೇ ಒಪ್ಪಂದವಾಗಿತ್ತು. ಸೇನೆಯ ಮುಖ್ಯಸ್ಥನಾದ ದಳವಾಯಿಯನ್ನು ಕಳಲೆಯವರು ಕೊಡಬೇಕು. ಎರಡೂ ಮನೆತನಗಳು ಹೆಣ್ಣು ಕೊಟ್ಟು ತಂದು ಬೀಗರಾಗಿರಬೇಕು. ಕ್ರಮೇಣ ದಳವಾಯಿಯ ಕೈ ಮೇಲಾಯಿತು. 1734ರಲ್ಲಿ ದೇವರಾಜಯ್ಯ ಮತ್ತು ಅವರ ಕಡೆಯವರು ಚಾಮರಾಜ ಒಡೆಯರನ್ನೇ ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು.

ಆ ಮರುವರ್ಷ, 1735ರಲ್ಲಿ, ದೇವರಾಜಯ್ಯನವರು ನಂಜನಗೂಡಿನ ಬಳಿ ಕಪಿಲೆಗೆ ಕಲ್ಲು ಇಟ್ಟಿಗೆಗಳ ಸೇತುವೆ ಕಟ್ಟಿಸಿದರು. ದಂಡಿಗೂ ಯಾತ್ರಿಕರಿಗೂ ಅನುಕೂಲವಾದ ಈ ಸೇತುವೆ ಸಂತೆಗೆ ಹೋಗುವ ರೈತನ ಗಾಡಿಗೂ ದಾರಿಯಾಯಿತು. ಮುಂದೆ ಅದರ ಮೇಲೆಯೇ ರೈಲು ಹಳಿಯನ್ನೂ ಹಾಸಲಾಯಿತು. ಹಳಿ ಅಗಲಗೊಳಿಸುವ ಕೆಲಸಕ್ಕಾಗಿ 2007ರಲ್ಲಿ ಸಂಚಾರ ನಿಲ್ಲುವವರೆಗೆ ರೈಲು ಓಡಿದ್ದು ದಳವಾಯಿಯ ಸೇತುವೆಯ ಮೇಲೆ. ಭಾರತದಲ್ಲಿ ಉಳಿದಿರುವ ಅತ್ಯಂತ ಹಳೆಯ ಸೇತುವೆಗಳಲ್ಲಿ ಅದೂ ಒಂದು.

ಆದರೆ ಇದೇ ಮನೆತನ ಜನರ ಮೇಲೆ ಹೊರಿಸಿದ ಹೊರೆಯೂ ಸಣ್ಣದಲ್ಲ. ನಂಜರಾಜಯ್ಯನವರು ಪಂಡಿತರು, ಕನ್ನಡದಲ್ಲಿ ಶೈವ ಗ್ರಂಥಗಳನ್ನು ಬರೆದವರು. ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಆರ್ಕಾಟಿನ ಮುಹಮ್ಮದಲಿ ಕೊಟ್ಟ ಮಾತನ್ನು ನಂಬಿ ಅವರು 1752ರಲ್ಲಿ ದಂಡು ತೆಗೆದುಕೊಂಡು ಹೊರಟರು. ಮಾತು ನಡೆಯಲಿಲ್ಲ. ಮೂರು ವರ್ಷ ಕಾದಾಡಿ ಬರಿಗೈಯಲ್ಲಿ ಮರಳಿದರು. 1755ರಲ್ಲಿ ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚರೊಂದಿಗೆ ಬಂದು ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಂತು 56 ಲಕ್ಷ ರೂಪಾಯಿ ಕೇಳಿದ. ಖಜಾನೆ ಖಾಲಿಯಾಗಿತ್ತು. ಅರಮನೆಯ ಒಡವೆಗಳ ಜೊತೆಗೆ ದೇವಾಲಯಗಳ ಬೆಳ್ಳಿ ಬಂಗಾರವನ್ನೂ ಒಟ್ಟುಗೂಡಿಸಿ ಕೊಟ್ಟರೂ ಅಷ್ಟು ಹಣ ಹೊಂದಲಿಲ್ಲ ಎಂದು ವಿಲ್ಕ್ಸ್ ಹೇಳುತ್ತಾನೆ. ಎರಡು ವರ್ಷದಲ್ಲಿ ಮರಾಠರು ಬಂದರು. ಅವರಿಗೂ ಲಕ್ಷಗಟ್ಟಲೆ ಕೊಡಬೇಕಾಯಿತು. ಸಂಬಳವಿಲ್ಲದ ಸೈನಿಕರು 1758ರಲ್ಲಿ ದಳವಾಯಿಯ ಮನೆ ಮುಂದೆಯೇ ಧರಣಿ ಕುಳಿತರು. ಬಾಕಿ ತೀರಿಸಿ ಅವರನ್ನು ಎಬ್ಬಿಸಿದವನು ಹೈದರಲಿ. ಆ ದಿನದಿಂದ ರಾಜ್ಯದ ಹಿಡಿತ ಅವನ ಕೈಗೆ ಜಾರತೊಡಗಿತು.

ಕಳಲೆಯ ಬೆಳ್ಳಿ ಬಟ್ಟಲುಗಳು

1761ರ ಹೊತ್ತಿಗೆ ಮೈಸೂರಿನ ಅಧಿಕಾರವೆಲ್ಲ ಹೈದರನದಾಯಿತು. ನಂಜರಾಜಯ್ಯನವರು ತಮ್ಮ ಕೊನೆಯ ವರ್ಷಗಳನ್ನು ಅವನ ಕಾವಲಿನಲ್ಲಿ ಕಳೆದರು. ರಾಜಕೀಯದ ಲೆಕ್ಕದಲ್ಲಿ ಕಳಲೆ ಸೋತ ಮನೆತನದ ಊರು. ಗೆದ್ದವನ ಮಗ ಆ ಊರನ್ನು ಕಡೆಗಣಿಸಿದ್ದರೆ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲ.

ಆದರೆ ಕಳಲೆಯ ಲಕ್ಷ್ಮೀಕಾಂತ ದೇವಾಲಯದಲ್ಲಿ ನಾಲ್ಕು ಬೆಳ್ಳಿಯ ಬಟ್ಟಲು, ಒಂದು ಬೆಳ್ಳಿಯ ತಟ್ಟೆ ಮತ್ತು ಒಂದು ಪೀಕದಾನಿ ಇರುವುದನ್ನು ಮೈಸೂರು ಪುರಾತತ್ತ್ವ ಇಲಾಖೆ ದಾಖಲಿಸಿತು. ಅವು ಟಿಪ್ಪು ಸುಲ್ತಾನನ ಕೊಡುಗೆ ಎಂಬುದು ಆ ಪಾತ್ರೆಗಳ ಮೇಲಿನ ಬರಹದಿಂದಲೇ ತಿಳಿಯುತ್ತದೆ. ಇಲಾಖೆಯ 1917ರ ವರದಿಯಲ್ಲಿ ಈ ವಿಷಯವಿದೆ. ಆಗ ಇಲಾಖೆಯ ಮುಖ್ಯಸ್ಥರಾಗಿದ್ದವರು ಆರ್. ನರಸಿಂಹಾಚಾರ್. ಹತ್ತಿರದ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಟಿಪ್ಪು ಕೊಟ್ಟ ಪಚ್ಚೆ ಲಿಂಗವಿದೆ. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾದುದಕ್ಕೆ ಸುಲ್ತಾನ ಅದನ್ನು ಅರ್ಪಿಸಿ, ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂಬುದು ಐತಿಹ್ಯ. ಐತಿಹ್ಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಬಟ್ಟಲಿನ ಮೇಲಿನ ಬರಹ ಐತಿಹ್ಯವಲ್ಲ.

ಬೇಸಾಯದ ವಿಷಯದಲ್ಲಿ ಟಿಪ್ಪು ತನ್ನ ಅಮಲ್ದಾರರಿಗೆ ಬರೆಸಿಕೊಟ್ಟ ಕಂದಾಯ ನಿಯಮಗಳು 1792ರಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಕಲ್ಕತ್ತೆಯಲ್ಲಿ ಅಚ್ಚಾದವು. ನೇಗಿಲು ಎತ್ತುಗಳಿಲ್ಲದ ಬಡ ರೈತನಿಗೆ ತಕಾವಿ ಸಾಲ ಕೊಡಬೇಕು, ಬೀಳು ಭೂಮಿಯನ್ನು ಉಳುವವನಿಗೆ ಆರಂಭದಲ್ಲಿ ಕಂದಾಯದ ರಿಯಾಯಿತಿ ಇರಬೇಕು ಎಂಬ ಸೂಚನೆಗಳು ಅವುಗಳಲ್ಲಿವೆ. ಬಂಗಾಳದಿಂದ ರೇಷ್ಮೆ ಹುಳು ತರಿಸಿ ಸಾಕಿಸಿದವನೂ ಅವನೇ. ಅಂದು ಬೇರೂರಿದ ರೇಷ್ಮೆ ಮುಂದೆ ದಕ್ಷಿಣ ಮೈಸೂರಿನ ಎಷ್ಟೋ ಬಡ ಮನೆಗಳ ಒಲೆ ಉರಿಸಿತು. ಹಿಪ್ಪುನೇರಳೆ ಬೆಳೆದು ಹುಳು ಸಾಕಿದವರು ಎಲ್ಲ ಜಾತಿಯ ರೈತರು. ಗೂಡು ಬೇಯಿಸಿ ನೂಲು ತೆಗೆಯುವ ಕಸುಬಿನಲ್ಲಿ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ತೊಡಗಿದರು. ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ ಸರಕಾರಿ ಕಾರ್ಖಾನೆ ತಿ. ನರಸೀಪುರದಲ್ಲಿ ನೆಲೆ ನಿಂತದ್ದು ಈ ಹಿನ್ನೆಲೆಯಲ್ಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಟಿಪ್ಪುವಿನ ಕಾಲವೂ ಯುದ್ಧದ ಕಾಲವೇ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಅವನು ಒಪ್ಪಿಸಬೇಕಾಯಿತು. ಆ ಹಣದ ಭಾರ ಬಿದ್ದದ್ದು ಕೂಡ ಕೊನೆಗೆ ರೈತನ ಕಣದ ಮೇಲೆಯೇ. ದಳವಾಯಿಯ ಸೇತುವೆಯನ್ನು ನೆನೆಯುವಾಗ ತಿರುಚಿರಾಪಳ್ಳಿಯ ವೆಚ್ಚವನ್ನು ಮರೆಯಬಾರದು ಎಂದಾದರೆ, ಸುಲ್ತಾನನ ತಕಾವಿಯನ್ನು ನೆನೆಯುವಾಗ ಈ ದಂಡವನ್ನೂ ಮರೆಯಬಾರದು. ಇಬ್ಬರಿಗೂ ಒಂದೇ ಅಳತೆಗೋಲು ಇರಬೇಕು.

ಭೂಮಿ ಯಾರದು?

ಯುದ್ಧಗಳು ಮುಗಿದ ಮೇಲೂ ಸಂಕಟ ಮುಗಿಯಲಿಲ್ಲ. 1876-78ರ ಮಹಾ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ನಾಶವಾಯಿತು. 1891ರಲ್ಲಿ ಮೈಸೂರು-ನಂಜನಗೂಡು ರೈಲು ಬಂದಿತು. 1920ರ ದಶಕದಲ್ಲಿ ಬದನವಾಳಿನಲ್ಲಿ ಖಾದಿ ಕೇಂದ್ರ ಆರಂಭವಾಗಿ, ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ನೂಲುವ ಹೆಂಗಸರ ಕೈಗೆ ನಾಲ್ಕು ಕಾಸು ಸಿಕ್ಕಿತು.

ಆದರೂ ಉಳುವವನಿಗೆ ಭೂಮಿ ಸಿಗಲು ಸ್ವಾತಂತ್ರ್ಯ ಬರಬೇಕಾಯಿತು. 1950ರ ದಶಕದ ಇನಾಂ ರದ್ದಿಯಾತಿ ಕಾನೂನುಗಳು ಮೊದಲ ಹೆಜ್ಜೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ಅದನ್ನು ತಂದವರು ಕಳಲೆ ಮನೆತನವೂ ಸೇರಿದ ಅರಸು ಸಮುದಾಯದ ದೇವರಾಜ ಅರಸು. 1734ರ ದೇವರಾಜಯ್ಯನವರಿಂದ 1974ರ ದೇವರಾಜ ಅರಸರವರೆಗಿನ 240 ವರ್ಷಗಳಲ್ಲಿ ಅಧಿಕಾರದ ಅರ್ಥವೇ ಬದಲಾದುದನ್ನು ನಾವಿಲ್ಲಿ ಕಾಣುತ್ತೇವೆ. ಗೇಣಿದಾರನ ಹೆಸರೇ ಪಹಣಿಯಲ್ಲಿಲ್ಲದ, ಕೂಲಿಯನ್ನೇ ನಂಬಿದ್ದ ದಲಿತ ಕುಟುಂಬಗಳಿಗೆ ಮಾತ್ರ ಈ ಕಾನೂನಿನಿಂದಲೂ ದೊರೆತದ್ದು ಕಡಿಮೆ. ಜೀತ ಕಾನೂನಿನ ಪ್ರಕಾರ ರದ್ದಾಗಲು 1976 ಬರಬೇಕಾಯಿತು.

ಅದೇ 1974ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಕಬಿನಿ ಜಲಾಶಯ ಮುಗಿಯಿತು. 19.52 ಟಿಎಂಸಿ ನೀರು ಹಿಡಿಯುವ ಈ ಜಲಾಶಯದ ನಾಲೆಗಳು ನಂಜನಗೂಡು, ತಿ. ನರಸೀಪುರಗಳ ಬೆದ್ದಲು ಭೂಮಿಗೆ ನೀರು ತಂದವು. ರಾಗಿ ಬಿತ್ತುತ್ತಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ಮೇಲೆ ಕಾಡಂಚಿನಲ್ಲಿ ಹಳ್ಳಿಗಳು ಮುಳುಗಿ, ಕಾಡಿನ ಮಕ್ಕಳು ನೆಲೆ ಕಳೆದುಕೊಂಡರು. ಕೆಳಗಿನ ಗದ್ದೆಯ ಹಸಿರಿಗೆ ಅವರು ತೆತ್ತ ಬೆಲೆ ಯಾವ ಶಾಸನದಲ್ಲೂ ಬರೆದಿಲ್ಲ.

ನೀರು ಬಂದ ನಾಡಿನಲ್ಲಿಯೂ ನಷ್ಟವಾಗಿದೆ. ತೆಳು ಸಿಪ್ಪೆಯ, ಘಮಘಮಿಸುವ ನಂಜನಗೂಡು ರಸಬಾಳೆಗೆ 2005-06ರ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಮಣ್ಣಿನಲ್ಲಿ ಸೇರಿಕೊಳ್ಳುವ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ತೋಟಗಳನ್ನು ಅದಕ್ಕೂ ಮೊದಲೇ ಹಾಳುಮಾಡಿತ್ತು. ಒಮ್ಮೆ ಮಣ್ಣು ಸೇರಿದ ಈ ರೋಗ ವರ್ಷಗಟ್ಟಲೆ ಅಲ್ಲಿಯೇ ಉಳಿಯುವುದರಿಂದ ರೈತರು ಬೇರೆ ಬಾಳೆಗೆ, ಬೇರೆ ಬೆಳೆಗೆ ತಿರುಗಿದರು. ಹೆಸರಿಗೆ ಮಾನ್ಯತೆ ಸಿಗುವ ಹೊತ್ತಿಗೆ ಹಣ್ಣೇ ಅಪರೂಪವಾಗಿತ್ತು.

ಈ ಸೀಮೆಯ ಚರಿತ್ರೆಯಲ್ಲಿ ನಮಗೆ ದೊರೆಯುವ ಪಾಠ ಇದು. ಕಳಲೆಯ ದೇವಾಲಯಕ್ಕೆ ಬೆಳ್ಳಿ ಕೊಟ್ಟವನು ಮುಸ್ಲಿಂ ದೊರೆ, ದೇವಾಲಯಗಳ ಬೆಳ್ಳಿಯನ್ನು ಯುದ್ಧದ ಸಾಲಕ್ಕೆ ತೆತ್ತ ಸರಕಾರದ ಮುಂದಾಳುಗಳು ಶಿವಭಕ್ತರು. ಇದನ್ನು ಹಿಡಿದು ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಹೀಗಳೆಯಬೇಕಾಗಿಲ್ಲ. ಅರಸನ ಧರ್ಮ ಯಾವುದೆಂಬುದರಿಂದ ಅವನ ಆಳ್ವಿಕೆ ಎಂಥದೆಂದು ತಿಳಿಯುವುದಿಲ್ಲ ಎಂಬುದನ್ನು ಅರಿತರೆ ಸಾಕು. ಅದು ತಿಳಿಯಬೇಕಾದರೆ ನಾಲೆಯ ಕೊನೆಯ ಗದ್ದೆಗೆ ನೀರು ಮುಟ್ಟಿತೇ, ಹಗೇವಿನಲ್ಲಿ ಕಾಳು ಉಳಿಯಿತೇ, ನೆಲವಿಲ್ಲದವನಿಗೆ ನೆಲ ಸಿಕ್ಕಿತೇ ಎಂದು ಕೇಳಬೇಕು. ಹಿಂದಿನ ದಳವಾಯಿಗಳಿಗೂ ಸುಲ್ತಾನರಿಗೂ ಕೇಳಬೇಕಾದ ಈ ಪ್ರಶ್ನೆಗಳನ್ನೇ ನಮ್ಮ ಮತ ಪಡೆದು ಆಳುವ ಇಂದಿನವರಿಗೂ ಕೇಳಲು ನಾವು ಕಲಿಯಬೇಕಾಗಿದೆ.