ಎಫ್‌.ಎ. ಫೇಲಾದ ಗುಮಾಸ್ತರ ಎರಡು ಅರ್ಜಿಗಳು

1912ರ ಫೆಬ್ರವರಿ 9ರಂದು ಮದ್ರಾಸಿನ ಪೋರ್ಟ್ ಟ್ರಸ್ಟ್ ಕಚೇರಿಗೆ ಒಂದು ಅರ್ಜಿ ಹೋಯಿತು. ಖಾಲಿ ಇದ್ದದ್ದು ಗುಮಾಸ್ತರ ಹುದ್ದೆ. ಅರ್ಜಿ ಹಾಕಿದವರಿಗೆ 24 ವರ್ಷ, ಮದುವೆಯಾಗಿತ್ತು, ಡಿಗ್ರಿ ಇರಲಿಲ್ಲ. ಹೆಸರು ಎಸ್. ರಾಮಾನುಜನ್.

ಗಣಿತದ ರಾಮಾನುಜನ್ ಕಥೆ ಶಾಲೆಯಿಂದಲೇ ಕೇಳಿದ್ದೇವೆ. ಆದರೆ ರೆಸ್ಯೂಮೆ ಮುಂದಿಟ್ಟುಕೊಂಡು, ಖಾಲಿ ಬಿದ್ದ ವರ್ಷಗಳಿಗೆ ಏನು ಬರೆಯೋದು ಅಂತ ತಲೆ ಕೆರೆದುಕೊಳ್ಳುವ ನಮ್ಮಂಥವರು ನೋಡಬೇಕಾದದ್ದು ಈ ಅರ್ಜಿಯನ್ನು.

ಅವರ ದಾಖಲೆ ಚೆನ್ನಾಗಿರಲಿಲ್ಲ. ಗಣಿತ ಬಿಟ್ಟು ಬೇರೆ ವಿಷಯ ಓದದೆ ಕುಂಭಕೋಣಂ ಕಾಲೇಜಿನ ವಿದ್ಯಾರ್ಥಿವೇತನ ಹೋಯಿತು. ಆಮೇಲೆ ಮದ್ರಾಸಿನ ಪಚೈಯಪ್ಪ ಕಾಲೇಜು ಸೇರಿದರು, ಎಫ್‌.ಎ. (ಈಗಿನ ಪಿಯುಸಿ ಅನ್ನಬಹುದು) ಅಲ್ಲೂ ದಾಟಲಿಲ್ಲ. ಅರ್ಜಿಯಲ್ಲಿ ಇದನ್ನು ಅವರು ಚಿಕ್ಕದಾಗಿ ಮುಗಿಸಿದ್ದಾರೆ: ಮೆಟ್ರಿಕ್ ಪಾಸಾಗಿದ್ದೇನೆ, ಎಫ್‌.ಎ.ವರೆಗೆ ಓದಿದ್ದೇನೆ, ಕೆಲವು ಅಡಚಣೆಗಳಿಂದ ಮುಂದುವರಿಸಲಾಗಲಿಲ್ಲ, ಅಂದಿನಿಂದ ನನ್ನೆಲ್ಲ ಹೊತ್ತನ್ನೂ ಗಣಿತಕ್ಕೆ ಕೊಟ್ಟಿದ್ದೇನೆ ಎಂಬ ಅರ್ಥದ ಮಾತು. ಫೇಲ್ ಎಂಬ ಪದ ಇಲ್ಲ, ಪಾಸ್ ಎಂಬ ಸುಳ್ಳೂ ಇಲ್ಲ. ಓದು ನಿಂತ ಮೇಲಿನ ವರ್ಷಗಳಲ್ಲಿ ಏನು ಮಾಡಿದೆ ಎನ್ನುವುದು ಮಾತ್ರ ಇದೆ.

ಅದಕ್ಕಿಂತ ಕುತೂಹಲದ್ದು ಅವರು ಬಿಟ್ಟದ್ದು. ಹಿಂದಿನ ವರ್ಷವಷ್ಟೇ, 1911ರಲ್ಲಿ, ಬರ್ನೂಲಿ ಸಂಖ್ಯೆಗಳ ಮೇಲಿನ ಅವರ ಲೇಖನ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಬಂದಿತ್ತು. ಆ ಪತ್ರಿಕೆಯ ಸಂಪಾದಕರು ನಮ್ಮ ಬೆಂಗಳೂರು ಸೆಂಟ್ರಲ್ ಕಾಲೇಜಿನ ಎಂ.ಟಿ. ನಾರಾಯಣ ಅಯ್ಯಂಗಾರ್. ರಾಮಾನುಜನ್ ಬರವಣಿಗೆ ಸಾಮಾನ್ಯ ಓದುಗರಿಗೆ ಅರ್ಥವಾಗದಷ್ಟು ಅಡಕ ಎಂದು ತಿದ್ದಿಸಿದವರು ಅವರೇ. (ಡೆಸ್ಕಿನಿಂದ ಸುದ್ದಿ ವಾಪಸ್ ಬಂದರೆ ಸಿಟ್ಟಾಗುವ ಸ್ಟ್ರಿಂಗರ್‌ಗಳು ನೆನಪಿಟ್ಟುಕೊಳ್ಳಬಹುದು.) ಗುಮಾಸ್ತರ ಅರ್ಜಿಯಲ್ಲಿ ಈ ಲೇಖನದ ಸುದ್ದಿಯೇ ಇಲ್ಲ. ಬಂದರಿನ ಲೆಕ್ಕಕ್ಕೆ ಬರ್ನೂಲಿ ಏಕೆ?

ಜೊತೆಗಿದ್ದ ಶಿಫಾರಸು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಅವರದು. ಗಣಿತದಲ್ಲಿ ಅಸಾಧಾರಣ ಶಕ್ತಿ ಎಂದು ಹೊಗಳಿ, ಅಂಕಿ ಕೆಲಸದಲ್ಲಿ ಬಹಳ ಚುರುಕು ಎಂದೂ ಅವರು ಸೇರಿಸಿದ್ದರು. ಲೆಕ್ಕಪತ್ರ ವಿಭಾಗಕ್ಕೆ ಬೇಕಾಗಿದ್ದದ್ದು ಆ ಕೊನೆಯ ಮಾತು. ಮಾರ್ಚ್ 1ರಿಂದ ಕೆಲಸ ಶುರುವಾಯಿತು.

ಪ್ರತಿಭೆಯೊಂದರಿಂದಲೇ ಬಾಗಿಲು ತೆರೆಯಿತು ಎಂದು ಮಾತ್ರ ನಾನು ಒಪ್ಪುವುದಿಲ್ಲ. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅದಕ್ಕೂ ಮೊದಲೇ ತಿಂಗಳ ಖರ್ಚಿಗೆ ಹಣ ಕೊಟ್ಟು ಕಾಪಾಡಿದ್ದರು. ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಿಗ ನಾರಾಯಣ ಅಯ್ಯರ್ ಗಣಿತ ಸಂಘದವರೇ. ಬಡತನ ಎಷ್ಟೇ ಇದ್ದರೂ, ಓದಿದ ಬ್ರಾಹ್ಮಣ ಅಧಿಕಾರಿಗಳ ಮನೆಬಾಗಿಲಿಗೆ ಹೋಗಿ ನೋಟ್‌ಬುಕ್ ತೋರಿಸಲು ಅವರಿಗೆ ಆಗುತ್ತಿತ್ತು. ಅದೇ ಊರಿನ ಬೇರೆ ಕೇರಿಯ ಹುಡುಗನಿಗೆ 1912ರಲ್ಲಿ ಆ ದಾರಿಯೇ ಇರಲಿಲ್ಲ.

ಒಂದು ವರ್ಷವೂ ತುಂಬುವ ಮೊದಲೇ, 1913ರ ಜನವರಿ 16ರಂದು, ಅದೇ ಗುಮಾಸ್ತರು ಕೇಂಬ್ರಿಡ್ಜಿನ ಜಿ.ಎಚ್. ಹಾರ್ಡಿಯವರಿಗೆ ಪತ್ರ ಬರೆದರು. ಈ ಸಲ ಎಲ್ಲ ಅದಲುಬದಲು. ವಿಶ್ವವಿದ್ಯಾಲಯದ ಓದಿಲ್ಲ ಎಂಬುದು ಆರಂಭದಲ್ಲೇ. ಸಂಬಳ ವರ್ಷಕ್ಕೆ 20 ಪೌಂಡ್ ಮಾತ್ರ ಎಂದು ಇಂಗ್ಲೆಂಡಿನವರಿಗೆ ತಿಳಿಯುವ ಲೆಕ್ಕದಲ್ಲೇ ಹೇಳಿದರು. ವಯಸ್ಸು ಸುಮಾರು 23 ಎಂದರು. ನಿಜಕ್ಕೂ 25 ಆಗಿತ್ತು. ಆಮೇಲೆ ಪುಟಗಟ್ಟಲೆ ಪ್ರಮೇಯಗಳು. ಶಿಫಾರಸು ಪತ್ರ ಮಾಡಬೇಕಿದ್ದ ಕೆಲಸವನ್ನು ಈ ಸಲ ಅವೇ ಮಾಡಬೇಕಿತ್ತು.

ಹಾರ್ಡಿ ಅವನ್ನು ಸಹೋದ್ಯೋಗಿ ಲಿಟಲ್‌ವುಡ್ ಜೊತೆ ಕುಳಿತು ಪರಿಶೀಲಿಸಿದರು. ಫೆಬ್ರವರಿ 8ರ ಅವರ ಉತ್ತರದಲ್ಲಿ ಮೆಚ್ಚುಗೆ ಇತ್ತು. ಜೊತೆಗೆ ಒಂದು ಬೇಡಿಕೆ: ಇವುಗಳಲ್ಲಿ ಕೆಲವಕ್ಕಾದರೂ ಸಾಧನೆಯನ್ನು ಬರೆದು ಕಳಿಸಿ.