ಸಾಮಾನ್ಯ ಬಳಕೆದಾರರಿಗೆ ಯಾವ ಲಿನಕ್ಸ್? ಸ್ವಲ್ಪ ಇತಿಹಾಸ

ಮನೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಿದರೆ ಒಳ್ಳೆಯದು? ಪರಿಚಯದವರು ಇದನ್ನು ಆಗಾಗ ಕೇಳ್ತಾನೇ ಇರ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದ ಮೇಲಂತೂ ಇನ್ನೂ ಜಾಸ್ತಿ. ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ, ಆದರೆ ವಿಂಡೋಸ್ 11 ಅದನ್ನು ಒಪ್ಪಲ್ಲ. ಬಿಸಾಕೋದಾ? ಬೇಡ. ಆದರೆ ಹೆಸರುಗಳ ರಾಶಿಯಲ್ಲಿ ಒಂದನ್ನು ಆರಿಸೋಕೆ ಹಿಂದಿನ ಕಥೆ ಗೊತ್ತಿರಬೇಕು ಅಂತ ನನಗನ್ನಿಸುತ್ತೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆದದ್ದು ಬರೀ ಕರ್ನಲ್. ಅಂದ್ರೆ ಎಂಜಿನ್ ಇದೆ, ಸೀಟು ಸ್ಟಿಯರಿಂಗ್ ಇಲ್ಲ. ಅದಕ್ಕೆ ಗ್ನೂ ಯೋಜನೆಯ ಸಲಕರಣೆಗಳನ್ನೂ ಬೇರೆ ತಂತ್ರಾಂಶಗಳನ್ನೂ ಸೇರಿಸಿ ಕಟ್ಟಿದ ಗಂಟೇ ಡಿಸ್ಟ್ರೋ. 1993ರಲ್ಲಿ ಸ್ಲ್ಯಾಕ್‌ವೇರ್ ಬಂತು, ಅದೇ ವರ್ಷ ಇಯಾನ್ ಮರ್ಡಾಕ್ ಡೆಬಿಯನ್ ಶುರು ಮಾಡಿದ. 1998ರಲ್ಲಿ ಮ್ಯಾಂಡ್ರೇಕ್, ಕೆಡಿಇ ಡೆಸ್ಕ್‌ಟಾಪಿನ ಸಮೇತ ಬಂದು ಹೊಸಬರನ್ನು ಕರೆಯಿತು. ಆದರೂ ಒಂದು ಭಯ ಉಳಿದೇ ಇತ್ತು.. ಹಾರ್ಡ್ ಡಿಸ್ಕನ್ನು ಪಾಲು ಮಾಡುವಾಗ ಇದ್ದಬದ್ದ ಫೋಟೋ, ಕಡತ ಎಲ್ಲಾ ಹೋದರೆ?

ಆ ಭಯ ಕಳೆದದ್ದು ಲೈವ್ ಸಿ.ಡಿ. 2000ದಲ್ಲಿ ಜರ್ಮನಿಯಿಂದ ಬಂದ ನಾಪಿಕ್ಸ್, ಸಿ.ಡಿ.ಯಿಂದಲೇ ಓಡ್ತಿತ್ತು. ಇಷ್ಟವಾಗದಿದ್ದರೆ ಸಿ.ಡಿ. ತೆಗೆದು ರೀಸ್ಟಾರ್ಟ್ ಮಾಡಿದರಾಯ್ತು, ಅಷ್ಟೇ!

2004ರ ಅಕ್ಟೋಬರಿನಲ್ಲಿ ಉಬುಂಟು 4.10 ಬಂತು. ದುಡ್ಡು ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್‌ದು, ತಳಪಾಯ ಡೆಬಿಯನ್‌ದು. ಹೊಸದೇನು ಅಂದ್ರೆ, ನಮ್ಮ ಪರವಾಗಿ ಅವರೇ ಆಯ್ಕೆ ಮಾಡಿದ್ದು. ಇನ್‌ಸ್ಟಾಲ್ ಮಾಡೋಕೆ ಒಂದೇ ಸಿ.ಡಿ., ಒಂದು ಕೆಲಸಕ್ಕೆ ಒಂದೇ ತಂತ್ರಾಂಶ: ಜಾಲಾಟಕ್ಕೆ ಫೈರ್‌ಫಾಕ್ಸ್, ಬರೆಯೋಕೆ ಓಪನ್ ಆಫೀಸ್. ಕೇಳಿದವರಿಗೆ ಸಿ.ಡಿ.ಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸ್ತಿದ್ದರು, 2011ರವರೆಗೂ. 56 ಕೆ ಡಯಲ್ ಅಪ್‌ನಲ್ಲಿ 700 ಎಂ.ಬಿ. ಇಳಿಸೋಕೆ ಒಂದು ದಿನಕ್ಕಿಂತ ಹೆಚ್ಚು ಬೇಕಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

2006ರ 6.06 ಇನ್ನೂ ಮುಖ್ಯ. ಲೈವ್ ಸಿ.ಡಿ.ಯಲ್ಲಿ ನೋಡಿ, ಅಲ್ಲಿಂದಲೇ ಇನ್‌ಸ್ಟಾಲ್ ಮಾಡಬಹುದಾಯಿತು. ಜೊತೆಗೆ ಎಲ್‌ಟಿಎಸ್, ಅಂದರೆ ಡೆಸ್ಕ್‌ಟಾಪಿಗೆ 3 ವರ್ಷ ರಿಪೇರಿಯ ಭರವಸೆ. 2012ರಿಂದ ಅದು 5 ವರ್ಷ ಆಯ್ತು.

ಆದರೆ 2011ರಲ್ಲಿ ಉಬುಂಟು ಯೂನಿಟಿ ಅನ್ನೋ ಹೊಸ ಮುಖ ತೊಟ್ಟಿತು. ಮೆನು ಎಲ್ಲಿ ಹೋಯ್ತು ಅಂತ ಹುಡುಕೋ ಸ್ಥಿತಿ! ಆಗ ಬಹಳ ಜನರಿಗೆ ಆಸರೆಯಾದದ್ದು 2006ರಲ್ಲಿ ಹುಟ್ಟಿದ್ದ ಲಿನಕ್ಸ್ ಮಿಂಟ್. ಒಳಗೆಲ್ಲಾ ಉಬುಂಟು, ಹೊರಗೆ ಮೂಲೆಯಲ್ಲಿ ಅದೇ ಹಳೇ ಮೆನು. ಮನೆಯವರಿಗೆ ಬೇಕಾದದ್ದು ಹೊಸತನ ಅಲ್ಲ, ನಿನ್ನೆ ಇದ್ದದ್ದು ಇವತ್ತೂ ಅಲ್ಲೇ ಇರೋದು.

ಹಾಗಾಗಿ ನನ್ನ ಸಲಹೆ: ಮಿಂಟ್, ಇಲ್ಲವೇ ಉಬುಂಟುವಿನ ಎಲ್‌ಟಿಎಸ್ ಆವೃತ್ತಿ. ಈಗ ಸಿ.ಡಿ. ಬೇಡ, ಪೆನ್ ಡ್ರೈವ್ ಸಾಕು. ಲೈವ್ ಆಗಿ ಬೂಟ್ ಮಾಡಿ ವೈಫೈ, ಪ್ರಿಂಟರ್, ಸದ್ದು ಪರೀಕ್ಷಿಸಿ. ಒಂದು ಕನ್ನಡ ಪುಟ ತೆರೆದು ಒತ್ತಕ್ಷರ ಸರಿ ಇದೆಯಾ ನೋಡಿ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಸಿಗುತ್ತೆ. ಎಲ್ಲಾ ಸರಿ ಇದ್ದರೆ, ಕಡತಗಳನ್ನು ಬೇರೆ ಕಡೆ ನಕಲು ಮಾಡಿಟ್ಟು, ಆಮೇಲೆ ಇನ್‌ಸ್ಟಾಲ್ ಒತ್ತಿ.